ತಿಂಗಳುಗಟ್ಟಲೆ ಬ್ಯಾಕ್‌ಪ್ಯಾಕಿಂಗ್: ಗೊತ್ತಿಲ್ಲದ ಊರುಗಳಿಗೆ ಹೊರಡುವ ಮುನ್ನ ಯಾವುದು ಮೊದಲು, ಯಾವುದು ಆಮೇಲೆ

ಬೆನ್ನಿಗೆ ಚೀಲ ಏರಿಸಿ ತಿಂಗಳುಗಟ್ಟಲೆ ತಿರುಗಲು ಹೊರಟವರಲ್ಲಿ ಬಹಳ ಜನ ಒಂದೇ ಜಾಗದಲ್ಲಿ ಎಡವುತ್ತಾರೆ. ಮೊದಲು ಚೀಲ ಕೊಳ್ಳುತ್ತಾರೆ. ಆಮೇಲೆ ಅಗ್ಗಕ್ಕೆ ಸಿಕ್ಕಿತೆಂದು ವಿಮಾನದ ಟಿಕೆಟ್ ಮಾಡಿಸುತ್ತಾರೆ. ದಾರಿಯ ಬಗ್ಗೆ ಓದಲು ಕೂರುವುದು ಅದರ ನಂತರ. ಅಷ್ಟು ಹೊತ್ತಿಗೆ ಅಲ್ಲಿ ಆ ತಿಂಗಳು ದಾರಿಯೇ ಮುಚ್ಚಿರುತ್ತದೆ, ಇಲ್ಲವೇ ಪರವಾನಗಿ ಖಾಲಿಯಾಗಿರುತ್ತದೆ, ಇಲ್ಲವೇ ಲಸಿಕೆಗೆ ಬೇಕಾದ ದಿನ ಉಳಿದಿರುವುದಿಲ್ಲ.

ಮಾಡಬೇಕಾದ ಕೆಲಸಗಳು ಎಲ್ಲರಿಗೂ ಗೊತ್ತು, ತಪ್ಪುವುದು ಅವುಗಳ ಕ್ರಮ. ನಮ್ಮ ಕೈಯಲ್ಲಿ ಇಲ್ಲದ್ದು ಮೊದಲು, ನಮ್ಮ ಕೈಯಲ್ಲಿ ಇರುವುದು ಕೊನೆಗೆ. ಋತುವನ್ನು ಯಾರೂ ಬದಲಿಸಲಾರರು, ಕಾನೂನನ್ನು ನೀವು ಬದಲಿಸಲಾರಿರಿ, ದೇಹವನ್ನು ಸ್ವಲ್ಪ ಬದಲಿಸಬಹುದು, ಸಾಮಾನನ್ನು ಹೊರಡುವ ಹಿಂದಿನ ವಾರವೂ ಬದಲಿಸಬಹುದು. ಕೆಳಗಿನ ಹಂತಗಳು ಇದೇ ಕ್ರಮದಲ್ಲಿವೆ. ಎರಡು ತಿಂಗಳಿಗಿಂತ ಉದ್ದದ ಪ್ರವಾಸಕ್ಕೆ ಆರು ತಿಂಗಳು ಮೊದಲೇ ಶುರುಮಾಡಿ.

## ಹಂತ 1: ಟಿಕೆಟ್ ಮುಟ್ಟುವ ಮೊದಲು ಋತುವಿನ ಚೌಕ ಬರೆಯಿರಿ

ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಮೇಲ್ಸಾಲಿನಲ್ಲಿ ಹನ್ನೆರಡು ತಿಂಗಳು, ಎಡಗಡೆ ನೀವು ಹೋಗಬೇಕೆಂದಿರುವ ಪ್ರದೇಶಗಳು. ಇಲ್ಲಿ ದೇಶಗಳ ಹೆಸರು ಬರೆಯಬೇಡಿ, ಪ್ರದೇಶಗಳನ್ನೇ ಬರೆಯಿರಿ. ಒಂದೇ ದೇಶದೊಳಗೆ ಮಳೆಗಾಲಗಳು ಬೇರೆ ಬೇರೆ ಇರುತ್ತವೆ. ವಿಯೆಟ್ನಾಂನ ದಕ್ಷಿಣಕ್ಕೆ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆ, ಅದೇ ದೇಶದ ಮಧ್ಯ ಕರಾವಳಿಗೆ ದೊಡ್ಡ ಮಳೆ ಮತ್ತು ಪ್ರವಾಹ ಬರುವುದು ಅಕ್ಟೋಬರ್, ನವೆಂಬರ್‌ನಲ್ಲಿ. 'ವಿಯೆಟ್ನಾಂ ಹವಾಮಾನ' ಎಂದು ಹುಡುಕಿದವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಪ್ರತಿ ಚೌಕಕ್ಕೂ ಮೂರು ಬಣ್ಣಗಳಲ್ಲಿ ಒಂದನ್ನು ತುಂಬಿ: ನಡೆಯಬಹುದು, ಕಷ್ಟಪಟ್ಟು ನಡೆಯಬಹುದು, ಹೋಗಲೇಬಾರದು. ನೇಪಾಳದ ಎತ್ತರದ ದಾರಿಗಳಿಗೆ ಅಕ್ಟೋಬರ್–ನವೆಂಬರ್ ಮತ್ತು ಮಾರ್ಚ್‌ನಿಂದ ಮೇ ಒಳ್ಳೆಯ ಕಾಲ, ಜೂನ್‌ನಿಂದ ಸೆಪ್ಟೆಂಬರ್ ಮುಂಗಾರು. ದಕ್ಷಿಣ ಅಮೆರಿಕದ ದಕ್ಷಿಣ ತುದಿಯ ಪೆಟಗೋನಿಯಾದಲ್ಲಿ ಬೇಸಿಗೆ ಎಂದರೆ ಡಿಸೆಂಬರ್‌ನಿಂದ ಫೆಬ್ರವರಿ. ಪೆರುವಿನ ಇಂಕಾ ಹಾದಿ ಫೆಬ್ರವರಿಯಲ್ಲಿ ದುರಸ್ತಿಗಾಗಿ ಮುಚ್ಚಿರುತ್ತದೆ. ಬಣ್ಣ ತುಂಬಿದ ಮೇಲೆ ಒಳ್ಳೆಯ ಚೌಕಗಳನ್ನು ಜೋಡಿಸುವ ಗೆರೆ ಎಳೆಯಿರಿ. ನಿಮ್ಮ ಪ್ರಯಾಣದ ದಿಕ್ಕು ಅದೇ. ಗೆರೆ ಹಾಯಲಾರದ ಪ್ರದೇಶವನ್ನು ಈ ಸಲಕ್ಕೆ ಕೈಬಿಡಿ. ಇಲ್ಲಿ ಆಸೆಗೆ ಸೋತು ಉಳಿಸಿಕೊಂಡ ಒಂದು ಪ್ರದೇಶ ಮುಂದಿನ ಎಲ್ಲ ಹಂತಗಳನ್ನೂ ಕೆಡಿಸುತ್ತದೆ.

ಸರಾಸರಿ ಉಷ್ಣಾಂಶ ಸಾಲದು, ರಾತ್ರಿಯ ಕನಿಷ್ಠ ಉಷ್ಣಾಂಶ ನೋಡಿ. ಎತ್ತರಕ್ಕೆ ಪ್ರತಿ 1000 ಮೀಟರ್‌ಗೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಕಳೆಯಿರಿ. ಕಠ್ಮಂಡು ಸುಮಾರು 1400 ಮೀಟರ್ ಎತ್ತರದಲ್ಲಿದೆ, ಅನ್ನಪೂರ್ಣ ಸುತ್ತಿನ ತೊರೊಂಗ್ ಲಾ ಕಣಿವೆದಾರಿ 5416 ಮೀಟರ್. ನಡುವಿನ 4000 ಮೀಟರ್‌ಗೆ 26 ಡಿಗ್ರಿ ಇಳಿಯುತ್ತದೆ. ನಗರದಲ್ಲಿ ರಾತ್ರಿ 12 ಡಿಗ್ರಿ ಇದ್ದರೆ ಮೇಲೆ ಮೈನಸ್ 14, ಗಾಳಿಯ ಲೆಕ್ಕ ಇನ್ನೂ ಬೇರೆ. ಹಗಲು ಎಷ್ಟು ತಾಸು ಇರುತ್ತದೆ ಎಂಬುದನ್ನೂ ಚೌಕದ ಮೂಲೆಯಲ್ಲಿ ಬರೆದಿಡಿ. ಒಂಬತ್ತು ತಾಸಿನ ಹಗಲಿನಲ್ಲಿ ಎಂಟು ತಾಸಿನ ನಡಿಗೆ ಹಾಕಿಕೊಂಡವರು ಕತ್ತಲಲ್ಲಿ ದಾರಿ ಹುಡುಕುತ್ತಾರೆ.

## ಹಂತ 2: ಕಾಗದಪತ್ರ

ಪಾಸ್‌ಪೋರ್ಟ್. ಆರು ತಿಂಗಳ ಅವಧಿ ಉಳಿದಿರಬೇಕು ಎಂಬ ನಿಯಮ ಬಹುತೇಕರಿಗೆ ಗೊತ್ತು. ಆದರೆ ಅವರು ಲೆಕ್ಕ ಹಾಕುವುದು ಮನೆ ಬಿಡುವ ದಿನದಿಂದ. ಲೆಕ್ಕ ಶುರುವಾಗಬೇಕಾದದ್ದು ಕೊನೆಯ ದೇಶದಿಂದ ಹೊರಬೀಳುವ ದಿನದಿಂದ. ಐದು ತಿಂಗಳ ಪ್ರವಾಸಕ್ಕೆ ಹೊರಡುವಾಗ ಹನ್ನೊಂದು ತಿಂಗಳು ಉಳಿದಿರಬೇಕು ಎಂದಾಯಿತು. ಪ್ರತಿ ದೇಶಕ್ಕೆ ಎರಡರಂತೆ ಖಾಲಿ ಪುಟಗಳಿರಲಿ.

ವೀಸಾ. ಎರಡು ಸಂಖ್ಯೆಗಳನ್ನು ಬೆರೆಸಬೇಡಿ. ವೀಸಾದ ಸಿಂಧುತ್ವ ಎಂದರೆ ಯಾವ ದಿನಾಂಕಗಳ ನಡುವೆ ಅದು ನಡೆಯುತ್ತದೆ ಎಂಬುದು. ವಾಸದ ಅವಧಿ ಎಂದರೆ ಒಳಗೆ ಹೋದ ಮೇಲೆ ಎಷ್ಟು ದಿನ ಇರಬಹುದು ಎಂಬುದು. ಕೆಲವು ಇ–ವೀಸಾಗಳಲ್ಲಿ ಗಡುವು ಅರ್ಜಿಯಲ್ಲಿ ಕೊಟ್ಟ ದಿನಾಂಕದಿಂದಲೇ ಓಡತೊಡಗುತ್ತದೆ, ನೀವು ತಡವಾಗಿ ಹೋದರೆ ಆ ದಿನಗಳು ಹೋದಂತೆಯೇ. ಇ–ವೀಸಾ ಇದ್ದರೆ ಎಲ್ಲ ಗಡಿಗಳಲ್ಲೂ ಬಿಡುತ್ತಾರೆ ಎಂದೂ ಅಲ್ಲ. ಹಲವು ದೇಶಗಳು ನಿಗದಿತ ವಿಮಾನ ನಿಲ್ದಾಣ ಮತ್ತು ಗಡಿಠಾಣೆಗಳಲ್ಲಿ ಮಾತ್ರ ಅದನ್ನು ಒಪ್ಪುತ್ತವೆ. ಬಸ್ಸಿನಲ್ಲಿ ಗಡಿ ದಾಟುವ ಯೋಜನೆಯಿದ್ದರೆ ಆ ಠಾಣೆಯ ಹೆಸರು ಅಧಿಕೃತ ಪಟ್ಟಿಯಲ್ಲಿದೆಯೇ ಎಂದು ನೀವೇ ಓದಿ ನೋಡಿ, ಪ್ರವಾಸಿಗರ ಮಾತನ್ನು ನೆಚ್ಚಬೇಡಿ.

ಯುರೋಪಿನ ಷೆಂಗೆನ್ ವಲಯದ (ಒಂದೇ ವೀಸಾದಲ್ಲಿ ತಿರುಗಬಹುದಾದ ದೇಶಗಳ ಗುಂಪು) ನಿಯಮವನ್ನು ತಪ್ಪು ತಿಳಿಯುವವರೇ ಹೆಚ್ಚು. ಯಾವುದೇ 180 ದಿನಗಳಲ್ಲಿ 90 ದಿನ ಎಂಬುದು ಅದರ ಲೆಕ್ಕ, ಮತ್ತು ವಲಯದ 29 ದೇಶಗಳಿಗೂ ಸೇರಿ ಒಂದೇ ಲೆಕ್ಕ. ಒಂದು ದಿನ ಹೊರಗೆ ಹೋಗಿ ಬಂದರೆ ಎಣಿಕೆ ಸೊನ್ನೆಗೆ ಇಳಿಯುವುದಿಲ್ಲ. ಇಂದಿನಿಂದ ಹಿಂದಕ್ಕೆ 180 ದಿನ ಎಣಿಸಿ, ಅದರಲ್ಲಿ ಒಳಗಿದ್ದ ದಿನಗಳನ್ನು ಕೂಡಿ. ಬಂದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ.

ವಾಪಸ್ ಅಥವಾ ಮುಂದಿನ ಪ್ರಯಾಣದ ಟಿಕೆಟ್ ಇಲ್ಲದೆ ಬಂದವರನ್ನು ತಡೆಯುವುದು ಹೆಚ್ಚಾಗಿ ಗಡಿಯಲ್ಲಲ್ಲ, ವಿಮಾನ ಹತ್ತುವ ಚೆಕ್–ಇನ್ ಕೌಂಟರಿನಲ್ಲಿ. ಹಣ ವಾಪಸ್ ಬರುವಂಥ ಮುಂದಿನ ಟಿಕೆಟ್ ಒಂದಿರಲಿ.

ನಡಿಗೆಯ ಪರವಾನಗಿ. ವೀಸಾಕ್ಕಿಂತ ಇದು ಬೇಗ ಮುಗಿಯುತ್ತದೆ. ಇಂಕಾ ಹಾದಿಗೆ ದಿನಕ್ಕೆ 500 ಜನರಿಗಷ್ಟೇ ಪ್ರವೇಶ, ಅದರಲ್ಲಿ ಗೈಡುಗಳು, ಹಮಾಲಿಗಳೂ ಸೇರಿದ್ದಾರೆ. ಹಾಗಾಗಿ ಚಾರಣಿಗರಿಗೆ ಉಳಿಯುವುದು ಅರ್ಧಕ್ಕಿಂತ ಕಡಿಮೆ. ನೇಪಾಳ 2023ರ ಏಪ್ರಿಲ್ 1ರಿಂದ ವಿದೇಶಿ ಚಾರಣಿಗರಿಗೆ ಗೈಡ್ ಕಡ್ಡಾಯ ಎಂಬ ನಿಯಮ ತಂದಿತು. ಹಳೆಯ ಲೇಖನ ಓದಿ ಒಬ್ಬರೇ ನಡೆಯುತ್ತೇವೆ ಎಂದು ಹೋದವರು ಅಲ್ಲಿ ಹೋಗಿ ಬಜೆಟ್ ತಿದ್ದಬೇಕಾಗುತ್ತದೆ. ಯಾವ ಮಾಹಿತಿಯನ್ನೇ ಓದಿ, ಅದು ಯಾವ ವರ್ಷದ್ದು ಎಂದು ಮೊದಲು ನೋಡಿ.

ಔಷಧಿಗಳ ಕಾನೂನು. ಒಂದು ದೇಶದಲ್ಲಿ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಮಾತ್ರೆ ಇನ್ನೊಂದರಲ್ಲಿ ಅಪರಾಧ. ಸೂಡೊಎಫೆಡ್ರಿನ್ ಶೇ 10ಕ್ಕಿಂತ ಹೆಚ್ಚಿರುವ ಶೀತದ ಮಾತ್ರೆಗಳನ್ನು ಜಪಾನಿಗೆ ಒಯ್ಯುವಂತಿಲ್ಲ. ಕೊಡೀನ್, ಟ್ರಮಡಾಲ್ ಇರುವ ನೋವಿನ ಮಾತ್ರೆಗಳು ಅರಬ್ ಎಮಿರೇಟ್ಸ್‌ನಲ್ಲಿ ನಿಯಂತ್ರಿತ ಪಟ್ಟಿಯಲ್ಲಿವೆ. ಮಾತ್ರೆಗಳನ್ನು ಮೂಲ ಪೊಟ್ಟಣದಲ್ಲೇ ಇಡಿ. ವೈದ್ಯರ ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿನ ಜೊತೆ ಔಷಧದ ರಾಸಾಯನಿಕ ಹೆಸರೂ ಇರಲಿ.

## ಹಂತ 3: ದೇಹ

ಲಸಿಕೆಗಾಗಿ ವೈದ್ಯರನ್ನು ಕಾಣಬೇಕಾದದ್ದು ಹೊರಡುವ ಎಂಟು ವಾರ ಮೊದಲು. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಚುಚ್ಚಿಸಿಕೊಂಡ 10 ದಿನಗಳ ನಂತರವೇ ಊರ್ಜಿತವಾಗುತ್ತದೆ. 2016ರ ಜುಲೈ 11ರಿಂದ ಅದು ಜೀವನಪರ್ಯಂತ ಸಿಂಧು. ಆ ಜ್ವರ ಇರುವ ದೇಶವನ್ನು ಹಾದು ಬಂದಿದ್ದರೆ, ಜ್ವರವೇ ಇಲ್ಲದ ಮುಂದಿನ ದೇಶವೂ ಪ್ರಮಾಣಪತ್ರ ಕೇಳಬಹುದು. ಪ್ರವಾಸದ ದಿಕ್ಕು ಬದಲಾದರೆ ಇದನ್ನು ಮತ್ತೊಮ್ಮೆ ನೋಡಬೇಕು.

ಆಸ್ಪತ್ರೆಯಿಂದ ಒಂದು ದಿನಕ್ಕಿಂತ ದೂರ ಹೋಗುವವರು ಹುಚ್ಚುನಾಯಿ ರೋಗದ ಮುಂಜಾಗ್ರತಾ ಲಸಿಕೆಯ ಬಗ್ಗೆ ಕೇಳಿ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಸೂಚನೆಯಂತೆ ಏಳು ದಿನಗಳ ಅಂತರದಲ್ಲಿ ಎರಡು ಸರದಿ. ಇದನ್ನು ಹಾಕಿಸಿಕೊಂಡಿದ್ದರೂ ಪ್ರಾಣಿ ಕಚ್ಚಿದ ಮೇಲೆ ಲಸಿಕೆ ಬೇಕೇ ಬೇಕು. ಆದರೆ ದೂರದ ಊರುಗಳಲ್ಲಿ ಸಿಗುವುದೇ ಕಷ್ಟವಾದ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಬೇಕಾಗುವುದಿಲ್ಲ. ಕಚ್ಚಿದ ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯುವುದು ಮೊದಲ ಕೆಲಸ.

ಮಲೇರಿಯಾ ಮಾತ್ರೆಗಳಲ್ಲಿ ಜನ ತಪ್ಪುವುದು ಕೊನೆಯಲ್ಲಿ. ಡಾಕ್ಸಿಸೈಕ್ಲಿನ್ ಆದರೆ ಮಲೇರಿಯಾ ಪ್ರದೇಶ ಬಿಟ್ಟ ಮೇಲೂ ನಾಲ್ಕು ವಾರ, ಅಟೊವಕ್ವೋನ್–ಪ್ರೊಗ್ವಾನಿಲ್ ಆದರೆ ಏಳು ದಿನ ಮುಂದುವರಿಸಬೇಕು. ಸೊಳ್ಳೆ ಕಾಣುತ್ತಿಲ್ಲ ಎಂದು ನಿಲ್ಲಿಸಿದವರಿಗೆ ಜ್ವರ ಬರುವುದು ಮುಂದಿನ ದೇಶದಲ್ಲಿ, ಮಲೇರಿಯಾ ಎಂದು ಯಾರೂ ಯೋಚಿಸದ ಜಾಗದಲ್ಲಿ. ಹಲ್ಲಿನ ವೈದ್ಯರನ್ನೂ ಒಮ್ಮೆ ಕಂಡು ಬನ್ನಿ.

ನಡಿಗೆಯ ತಯಾರಿಗೆ ಹತ್ತರಿಂದ ಹನ್ನೆರಡು ವಾರ ಬೇಕು. ಮೊದಲ ನಾಲ್ಕು ವಾರ ಬರಿಗೈಯಲ್ಲಿ, ಮುಂದಿನ ನಾಲ್ಕು ವಾರ 5 ಕೆ.ಜಿ. ಹೊತ್ತು, ಉಳಿದ ವಾರಗಳು ಪೂರ್ತಿ ತೂಕ ಹೊತ್ತು. ವಾರದಲ್ಲಿ ಎರಡು ದಿನ ಮೆಟ್ಟಿಲು, ಒಂದು ದಿನ ಉದ್ದ ನಡಿಗೆ. ಹತ್ತುವುದನ್ನು ಮಾತ್ರ ಅಭ್ಯಾಸ ಮಾಡಿದವರ ಮೊಣಕಾಲು ಇಳಿಜಾರಿನಲ್ಲಿ ಕೈಕೊಡುತ್ತದೆ, ಹಾಗಾಗಿ ತೂಕ ಹೊತ್ತು ಇಳಿಯುವುದನ್ನೂ ರೂಢಿಸಿಕೊಳ್ಳಿ. ಕೊನೆಯ ತಿಂಗಳಲ್ಲಿ ಶನಿವಾರ ಉದ್ದ ನಡೆದು ಭಾನುವಾರ ಮತ್ತೆ ಅಷ್ಟೇ ನಡೆಯಿರಿ. ನಿಜವಾದ ಸ್ಥಿತಿ ತಿಳಿಯುವುದು ಎರಡನೆಯ ದಿನ.

## ಹಂತ 4: ದಾರಿ ಹೆಣೆಯುವುದು

ಭೂಪಟದ ಮೇಲೆ ಮೊದಲು 'ಗೂಟದ ಊರು'ಗಳನ್ನು ಗುರುತಿಸಿ. ಆಸ್ಪತ್ರೆ, ಎಟಿಎಂ, ದೂರ ಪ್ರಯಾಣದ ಬಸ್ಸು ಅಥವಾ ರೈಲು ಇರುವ ಊರು ಎಂದರ್ಥ. ಎರಡು ಗೂಟದ ಊರುಗಳ ನಡುವೆ ಹತ್ತು ದಿನಕ್ಕಿಂತ ಹೆಚ್ಚು ಅಂತರ ಬೇಡ. ಏನೇ ಕೆಟ್ಟರೂ ಒಂದೆರಡು ದಿನಗಳಲ್ಲಿ ಇವುಗಳಲ್ಲಿ ಒಂದಕ್ಕೆ ಬಂದು ಸೇರುವಂತಿರಬೇಕು. ಈ ಊರುಗಳು ಸ್ಥಿರವಾದ ಮೇಲೆ ನಡುವಿನ ಹಾದಿಗಳನ್ನು ಎಷ್ಟು ಸಲ ಬೇಕಾದರೂ ಬದಲಿಸಿಕೊಳ್ಳಿ.

ದಿನಗಳ ಲೆಕ್ಕ. ಒಂದು ಊರಿಂದ ಇನ್ನೊಂದಕ್ಕೆ ಹೋಗುವ ದಿನವನ್ನು ಪೂರ್ತಿ ದಿನವೆಂದೇ ಬರೆಯಿರಿ. ಆರು ತಾಸಿನ ಬಸ್ಸು ಎಂದರೆ ಕಾಯುವುದು, ತಲುಪುವುದು, ತಂಗುವ ಜಾಗ ಹುಡುಕುವುದು ಸೇರಿ ಹಗಲೆಲ್ಲ ಮುಗಿಯುತ್ತದೆ. ಐದಾರು ದಿನದ ನಡಿಗೆಗೆ ಒಂದು ದಿನ ಪೂರ್ತಿ ವಿರಾಮ ಕೊಡಿ. ಒಟ್ಟು ದಿನಗಳಲ್ಲಿ ಶೇ 15ರಷ್ಟನ್ನು ಖಾಲಿ ಬಿಡಿ. ತೊಂಬತ್ತು ದಿನಕ್ಕೆ ಹದಿಮೂರು ಹದಿನಾಲ್ಕು ದಿನ. ಈ ಖಾಲಿ ದಿನಗಳೆಲ್ಲ ಪ್ರವಾಸದ ಕೊನೆಯಲ್ಲಿ ಗುಡ್ಡೆಬಿದ್ದರೆ ಪ್ರಯೋಜನವಿಲ್ಲ, ಪ್ರತಿ ಗೂಟದ ಊರಿನಲ್ಲೂ ಒಂದೆರಡು ಇರಲಿ. ಯೋಜನೆ ಬರೆದು ಮುಗಿಸಿದಾಗ ಖಾಲಿ ದಿನ ಉಳಿಯದಿದ್ದರೆ ಒಂದು ಪ್ರದೇಶವನ್ನು ಹೊಡೆದುಹಾಕಿ. ನಡಿಗೆಯ ವೇಗ ಹೆಚ್ಚಿಸಿ ಸರಿಹೊಂದಿಸುತ್ತೇನೆ ಎಂಬ ಲೆಕ್ಕ ಎಂದೂ ಕೂಡಿಬರುವುದಿಲ್ಲ.

ನಡಿಗೆಯ ಹೊತ್ತು. ನೇಸ್ಮಿತ್ ಸೂತ್ರ ಎಂದು ಚಾರಣಿಗರು ಬಳಸುವ ಸರಳ ಲೆಕ್ಕವಿದೆ: ಸಮತಟ್ಟಿನ ಪ್ರತಿ 5 ಕಿ.ಮೀ.ಗೆ ಒಂದು ತಾಸು, ಏರುವ ಪ್ರತಿ 600 ಮೀಟರ್‌ಗೆ ಇನ್ನೊಂದು ತಾಸು. ಇದು ಹಗುರ ಹೊರೆಯ, ಗಟ್ಟಿಮುಟ್ಟಾದವರ ಲೆಕ್ಕ. ಭಾರ ಹೊತ್ತವರು ಬಂದ ಉತ್ತರವನ್ನು ಒಂದೂವರೆ ಪಟ್ಟು ಮಾಡಬೇಕು. ಉದಾಹರಣೆಗೆ 16 ಕಿ.ಮೀ. ದೂರ, 1200 ಮೀಟರ್ ಏರು: ದೂರಕ್ಕೆ 3.2 ತಾಸು, ಏರಿಗೆ 2 ತಾಸು, ಒಟ್ಟು 5.2. ಒಂದೂವರೆ ಪಟ್ಟು ಎಂದರೆ 7.8 ತಾಸು. ಊಟ, ನೀರು ತುಂಬುವುದು ಸೇರಿದರೆ ಒಂಬತ್ತು. 'ಬರೀ ಹದಿನಾರು ಕಿಲೋಮೀಟರ್' ಎಂದು ಮಧ್ಯಾಹ್ನ ಹೊರಡುವವರು ಕತ್ತಲೆಗೆ ಸಿಕ್ಕುವುದು ಹೀಗೆ. ಬೆಳಿಗ್ಗೆ ಹೊರಡುವಾಗಲೇ ಹಿಂದಿರುಗುವ ಹೊತ್ತನ್ನೂ ನಿಶ್ಚಯಿಸಿ: ಇಷ್ಟು ಗಂಟೆಗೆ ಕಣಿವೆದಾರಿಯ ತುದಿ ಸಿಗದಿದ್ದರೆ ಎಲ್ಲಿದ್ದರೂ ವಾಪಸ್.

ಎತ್ತರ. 2500 ಮೀಟರ್ ದಾಟಿದಲ್ಲಿಂದ ಎತ್ತರದ ಕಾಯಿಲೆ ಬರಬಹುದು, ಎಳೆಯ ವಯಸ್ಸು, ಗಟ್ಟಿ ಮೈ ಅದನ್ನು ತಡೆಯುವುದಿಲ್ಲ. 3000 ಮೀಟರ್ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ. ಹಗಲು ಮೇಲೆ ಹತ್ತಿ ರಾತ್ರಿ ಕೆಳಗಿಳಿದು ಮಲಗಿದರೆ ತೊಂದರೆಯಿಲ್ಲ. ಈ ದಿನಗಳನ್ನು ಮೊದಲೇ ಯೋಜನೆಯಲ್ಲಿ ಬರೆಯಬೇಕು, ಯಾಕೆಂದರೆ ತಡವಾಗಿದೆ ಎಂದು ಅನ್ನಿಸಿದಾಗ ಜನ ಮೊದಲು ಕತ್ತರಿಸುವುದು ಇವನ್ನೇ. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆ ಬೇಕೇ ಎಂಬುದನ್ನು ವೈದ್ಯರು ಹೇಳಲಿ, ಸಲ್ಫಾ ಔಷಧಿಗಳ ಅಲರ್ಜಿ ಇದ್ದರೆ ಅವರಿಗೆ ತಪ್ಪದೆ ತಿಳಿಸಿ.

ನೀರು ಮತ್ತು ಬಿಟ್ಟುಬರುವ ದಾರಿ. ಪ್ರತಿ ದಿನದ ಹಾಳೆಯಲ್ಲಿ ನಾಲ್ಕು ಸಾಲು ಇರಲಿ: ನೀರು ಸಿಗುವ ಜಾಗಗಳು, ಅವುಗಳ ನಡುವಿನ ಅತಿ ಉದ್ದದ ಅಂತರ, ಅರ್ಧದಲ್ಲಿ ಇಳಿದುಬರಲು ಇರುವ ಬೇರೆ ದಾರಿ, ಹತ್ತಿರದ ರಸ್ತೆ. ನಡಿಗೆಯ ತಾಸಿಗೆ ಅರ್ಧ ಲೀಟರ್ ನೀರು ಸಾಧಾರಣ ಲೆಕ್ಕ, ಬಿಸಿಲಿಗೆ ಇನ್ನೂ ಹೆಚ್ಚು. ಭೂಪಟದಲ್ಲಿ ಚುಕ್ಕೆಗೆರೆಯಲ್ಲಿ ತೋರಿಸಿದ ತೊರೆ ಒಣ ಋತುವಿನಲ್ಲಿ ಬತ್ತಿರುತ್ತದೆ, ಅದನ್ನು ನೀರಿನ ಜಾಗ ಎಂದು ಬರೆದುಕೊಳ್ಳಬೇಡಿ.

ಏನನ್ನು ಕಾಯ್ದಿರಿಸಬೇಕು. ಮೊದಲ ಮೂರು ರಾತ್ರಿಯ ತಂಗುದಾಣ, ಸಂಖ್ಯೆಯ ಮಿತಿಯಿರುವ ಪರವಾನಗಿ, ದೇಶದಿಂದ ದೇಶಕ್ಕೆ ಹೋಗುವ ವಿಮಾನ. ಇಷ್ಟೇ. ಎಲ್ಲ ರಾತ್ರಿಗಳನ್ನೂ ಕಾಯ್ದಿರಿಸಿದವರು ಜ್ವರ ಬಂದ ದಿನವೂ ಮುಂದಿನ ಊರಿಗೆ ಓಡುತ್ತಾರೆ. ಗೊತ್ತಿಲ್ಲದ ನಗರಕ್ಕೆ ಹಗಲಲ್ಲೇ ತಲುಪುವಂತೆ ಟಿಕೆಟ್ ಮಾಡಿಸಿ. ರಾತ್ರಿ ಹನ್ನೊಂದಕ್ಕೆ ಇಳಿಯುವ ಅಗ್ಗದ ವಿಮಾನದಲ್ಲಿ ಉಳಿದ ಹಣ ಟ್ಯಾಕ್ಸಿಗೂ, ಸಿಕ್ಕಿದ ಕೋಣೆಗೂ ಹೋಗುತ್ತದೆ.

## ಹಂತ 5: ಹಣ ಮತ್ತು ವಿಮೆ

ಲೆಕ್ಕವನ್ನು ಎರಡು ಭಾಗ ಮಾಡಿ. ಒಮ್ಮೆ ಮಾತ್ರ ಬರುವ ಖರ್ಚು: ವಿಮಾನ, ವೀಸಾ, ಪರವಾನಗಿ, ಲಸಿಕೆ, ವಿಮೆ, ಸಾಮಾನು. ದಿನದಿನದ ಖರ್ಚು: ತಂಗುವುದು, ಊಟ, ಊರೊಳಗಿನ ಓಡಾಟ. ದಿನದ ಖರ್ಚನ್ನು ಪ್ರದೇಶವಾರು ಬೇರೆ ಬೇರೆ ಬರೆಯಿರಿ, ಎಲ್ಲಕ್ಕೂ ಒಂದೇ ಸರಾಸರಿ ಹಾಕಿದರೆ ದುಬಾರಿ ದೇಶದ ಎರಡು ವಾರಗಳೇ ಎಲ್ಲವನ್ನೂ ನುಂಗುತ್ತವೆ. ಒಟ್ಟಿಗೆ ಶೇ 20 ಕೂಡಿಸಿ. ಇದರ ಹೊರಗೆ, ಯಾವತ್ತೂ ಮುಟ್ಟದ ಒಂದು ಮೊತ್ತ ಬೇರೆ ಖಾತೆಯಲ್ಲಿರಲಿ: ಅತಿ ದೂರದ ಜಾಗದಿಂದ ಮರುದಿನವೇ ಮನೆಗೆ ಬರುವ ಟಿಕೆಟ್ಟಿನ ಹಣ.

ಬೇರೆ ಬೇರೆ ಬ್ಯಾಂಕಿನ, ಬೇರೆ ಬೇರೆ ಜಾಲದ ಎರಡು ಕಾರ್ಡು ಬೇಕು, ಅವು ಒಂದೇ ಪರ್ಸಿನಲ್ಲಿ ಇರಕೂಡದು. ಹೊರಡುವ ಮುಂಚೆ ಅಂತರರಾಷ್ಟ್ರೀಯ ಬಳಕೆಯನ್ನು ಚಾಲೂ ಮಾಡಿಸಿ. ಹೆಚ್ಚು ಜನ ಸಿಕ್ಕಿಹಾಕಿಕೊಳ್ಳುವುದು ಒಟಿಪಿಯಲ್ಲಿ: ಕಾರ್ಡ್ ಇದೆ, ಹಣ ಇದೆ, ಆದರೆ ಒಟಿಪಿ ಬರುವ ಸಿಮ್ ಮನೆಯಲ್ಲಿದೆ ಅಥವಾ ರೀಚಾರ್ಜ್ ಇಲ್ಲದೆ ಬಂದ್ ಆಗಿದೆ. ಹಳೆಯ ಸಿಮ್ ಅನ್ನು ರೋಮಿಂಗ್‌ನಲ್ಲಿ ಜೀವಂತ ಇಡಿ. ಎರಡು ಸಿಮ್ ಹಿಡಿಯುವ ಫೋನ್ ಇದಕ್ಕೇ ಬೇಕು.

ಎಟಿಎಂ ಅಥವಾ ಅಂಗಡಿಯ ಯಂತ್ರ ನಿಮ್ಮ ದೇಶದ ಹಣದಲ್ಲಿ ಕೊಡುತ್ತೀರಾ ಎಂದು ಕೇಳಿದರೆ ಬೇಡ ಅನ್ನಿ, ಸ್ಥಳೀಯ ಹಣವನ್ನೇ ಆರಿಸಿ. ಮೊದಲನೆಯದರಲ್ಲಿ ವಿನಿಮಯ ದರವನ್ನು ಯಂತ್ರದ ಕಡೆಯವರು ಗೊತ್ತುಮಾಡುತ್ತಾರೆ, ಅದು ಸಾಮಾನ್ಯವಾಗಿ ನಿಮ್ಮ ಬ್ಯಾಂಕಿನ ದರಕ್ಕಿಂತ ದುಬಾರಿ. ತುರ್ತಿಗೆ ಇಟ್ಟುಕೊಳ್ಳುವ ಡಾಲರ್ ನೋಟುಗಳು ಹೊಸವಾಗಿ, ಮಡಿಕೆ ಗೀಚು ಇಲ್ಲದೆ ಇರಲಿ. ಹರಿದ ನೋಟನ್ನು ಅನೇಕ ಕಡೆ ಮುಟ್ಟುವುದೇ ಇಲ್ಲ.

ವಿಮೆಯ ಪತ್ರದಲ್ಲಿ ಹುಡುಕಬೇಕಾದ ಸಾಲುಗಳು: ಎಷ್ಟು ಮೀಟರ್ ಎತ್ತರದವರೆಗೆ ಅನ್ವಯ, ಹೆಲಿಕಾಪ್ಟರ್ ರಕ್ಷಣೆ ಸೇರಿದೆಯೇ, ಒಂದು ಪ್ರವಾಸಕ್ಕೆ ಗರಿಷ್ಠ ಎಷ್ಟು ದಿನ, ಬಾಡಿಗೆ ಬೈಕ್ ಓಡಿಸಿದರೆ ಏನು, ಹಳೆಯ ಕಾಯಿಲೆಗೆ ಏನು. ಪರವಾನಗಿ ಇಲ್ಲದೆ ಬೈಕ್ ಓಡಿಸಿ ಬಿದ್ದವರ ಕ್ಲೈಮು ತಿರಸ್ಕಾರವಾಗುತ್ತದೆ. ಹೆಲಿಕಾಪ್ಟರ್ ಕರೆಯುವ ಮೊದಲು ವಿಮಾ ಕಂಪನಿಗೆ ಫೋನ್ ಮಾಡಬೇಕೆಂಬ ಷರತ್ತು ಬಹಳ ಪತ್ರಗಳಲ್ಲಿ ಇರುತ್ತದೆ. ಆ ಸಂಖ್ಯೆಯನ್ನು ಫೋನಿನಲ್ಲಷ್ಟೇ ಅಲ್ಲ, ಕಾಗದದಲ್ಲೂ ಬರೆದಿಟ್ಟುಕೊಳ್ಳಿ.

## ಹಂತ 6: ಸಾಮಾನು ಮೊದಲು, ಚೀಲ ಆಮೇಲೆ

ಒಯ್ಯಬೇಕಾದ್ದನ್ನೆಲ್ಲ ನೆಲದ ಮೇಲೆ ಹರಡಿ, ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿ ಬರೆಯಿರಿ. ನೀರು, ಊಟ ಬಿಟ್ಟು ಒಟ್ಟು ತೂಕ, ಕೋಣೆಗಳಲ್ಲಿ ತಂಗುವವರಿಗೆ 7ರಿಂದ 9 ಕೆ.ಜಿ., ಡೇರೆ ಹೊರುವವರಿಗೆ 10ರಿಂದ 12 ಕೆ.ಜಿ. ದಾಟದಿರಲಿ. ಎಲ್ಲ ಸೇರಿ ನಿಮ್ಮ ತೂಕದ ಐದನೇ ಒಂದು ಭಾಗ ಮೇಲ್ಮಿತಿ. ತೂಕ ಇಳಿದ ಮೇಲೆ ಅಷ್ಟು ಸಾಮಾನು ಹಿಡಿಯುವ ಚೀಲ ಕೊಳ್ಳಿ: ಡೇರೆ ಇಲ್ಲದಿದ್ದರೆ 40–45 ಲೀಟರ್, ಇದ್ದರೆ 55–65. ದೊಡ್ಡ ಚೀಲ ಮೊದಲು ಕೊಂಡರೆ ಅದು ತುಂಬುವವರೆಗೆ ಕೈ ಸುಮ್ಮನಿರುವುದಿಲ್ಲ.

ಚೀಲ ಆರಿಸುವುದು ನಿಮ್ಮ ಎತ್ತರದಿಂದಲ್ಲ, ಬೆನ್ನಿನ ಉದ್ದದಿಂದ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬುವ ಮೂಳೆಯಿಂದ, ಸೊಂಟದ ಮೂಳೆಗಳ ಮೇಲೆ ಕೈಯಿಟ್ಟಾಗ ಹೆಬ್ಬೆರಳುಗಳು ಬೆನ್ನ ಹಿಂದೆ ಸೇರುವ ಗೆರೆಯವರೆಗೆ ಅಳೆಯಿರಿ. ಅಂಗಡಿಯಲ್ಲಿ 10 ಕೆ.ಜಿ. ತುಂಬಿಸಿ ಇಪ್ಪತ್ತು ನಿಮಿಷ ಹೊತ್ತು ನೋಡಿ. ಮೊದಲು ಸೊಂಟದ ಪಟ್ಟಿ ಬಿಗಿ ಮಾಡಿ, ಆಮೇಲೆ ಹೆಗಲ ಪಟ್ಟಿ. ಭಾರದ ಹೆಚ್ಚಿನ ಪಾಲು ಸೊಂಟದ ಮೇಲೆ ಕೂರಬೇಕು. ಹೆಗಲ ಮೇಲೆ ಕೆಂಪು ಗುರುತು ಮೂಡಿದರೆ ಅಳತೆ ತಪ್ಪಿದೆ.

ಬೂಟು. ಸಂಜೆ ಹೊತ್ತು, ಕಾಲು ಸ್ವಲ್ಪ ಊದಿರುವಾಗ, ನಡೆಯುವಾಗ ಹಾಕುವ ಕಾಲುಚೀಲವನ್ನೇ ಹಾಕಿ ಕೊಳ್ಳಿ. ಇಳಿಜಾರಿನಲ್ಲಿ ನಿಂತಾಗ ಬೆರಳುಗಳು ಮುಂದಿನ ತುದಿಗೆ ತಾಗಬಾರದು. ಹೊರಡುವ ಮೊದಲು ಕನಿಷ್ಠ 80 ಕಿ.ಮೀ. ಅದರಲ್ಲಿ ನಡೆದಿರಬೇಕು.

ಬಟ್ಟೆ. ಮೈಗೆ ತಾಗುವ ಪದರ ಉಣ್ಣೆ ಅಥವಾ ಪಾಲಿಯೆಸ್ಟರ್, ನಡುವೆ ಬೆಚ್ಚನೆಯ ಪದರ, ಹೊರಗೆ ಮಳೆಗಾಳಿ ತಡೆಯುವ ಜಾಕೆಟ್. ಹತ್ತಿ ಬಟ್ಟೆ ಬೆವರು ಹೀರಿ ಒಣಗುವುದೇ ಇಲ್ಲ, ಚಳಿಯಲ್ಲಿ ಅದು ಅಪಾಯ. ಮೂರು ಜೊತೆ ಒಳಉಡುಪು, ಮೂರು ಜೊತೆ ಕಾಲುಚೀಲ ಸಾಕು, ಎಷ್ಟೇ ತಿಂಗಳಾದರೂ. ಮಲಗಲು ಒಂದು ಜೊತೆ ಒಣ ಬಟ್ಟೆ ಪ್ಲಾಸ್ಟಿಕ್ ಚೀಲದೊಳಗೆ ಯಾವಾಗಲೂ ಇರಲಿ.

ಮಲಗುವುದು. ಸ್ಲೀಪಿಂಗ್ ಬ್ಯಾಗಿನ ಚೀಟಿಯಲ್ಲಿ 'ಕಂಫರ್ಟ್', 'ಲಿಮಿಟ್' ಎಂದು ಎರಡು ಉಷ್ಣಾಂಶಗಳಿರುತ್ತವೆ. ಕೊಳ್ಳಬೇಕಾದದ್ದು ಕಂಫರ್ಟ್ ಸಂಖ್ಯೆ ನೋಡಿ. ಹಂತ 1ರಲ್ಲಿ ಬರೆದ ಕನಿಷ್ಠ ಉಷ್ಣಾಂಶಕ್ಕಿಂತ ಅದು ಕೆಳಗಿರಬೇಕು. ಕೆಳಗೆ ಹಾಸುವ ಚಾಪೆ ತೆಳ್ಳಗಿದ್ದರೆ ಎಷ್ಟು ಒಳ್ಳೆಯ ಬ್ಯಾಗಾದರೂ ನೆಲದ ಚಳಿ ಏರುತ್ತದೆ.

ನೀರಿನ ಶುದ್ಧಿ. 0.1ರಿಂದ 0.2 ಮೈಕ್ರಾನ್ ಫಿಲ್ಟರ್ ಬ್ಯಾಕ್ಟೀರಿಯಾ, ಪರೋಪಜೀವಿಗಳನ್ನು ತಡೆಯುತ್ತದೆ, ವೈರಸ್ಸನ್ನು ತಡೆಯುವುದಿಲ್ಲ. ಊರುಗಳ ಕೆಳಗೆ ಹರಿದುಬಂದ ನೀರಾದರೆ ಸೋಸಿದ ಮೇಲೆ ಕ್ಲೋರಿನ್ ಡೈಆಕ್ಸೈಡ್ ಮಾತ್ರೆಯನ್ನೂ ಹಾಕಿ, ಅಥವಾ ಕುದಿಸಿ. ಕುದಿಯಲು ಶುರುವಾದ ಮೇಲೆ ಒಂದು ನಿಮಿಷ, 2000 ಮೀಟರ್ ಮೇಲೆ ಮೂರು ನಿಮಿಷ. ಒದ್ದೆ ಫಿಲ್ಟರ್ ಒಮ್ಮೆ ಹೆಪ್ಪುಗಟ್ಟಿದರೆ ಒಳಗಿನ ಎಳೆಗಳು ಬಿರಿಯುತ್ತವೆ, ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಚಳಿ ಪ್ರದೇಶದಲ್ಲಿ ರಾತ್ರಿ ಅದನ್ನು ಸ್ಲೀಪಿಂಗ್ ಬ್ಯಾಗಿನೊಳಗೇ ಇಟ್ಟು ಮಲಗಿ.

ವಿದ್ಯುತ್ತು. ಪವರ್ ಬ್ಯಾಂಕ್ ವಿಮಾನದಲ್ಲಿ ಕೈಚೀಲದಲ್ಲೇ ಇರಬೇಕು. ಅನುಮತಿ ಕೇಳದೆ ಒಯ್ಯಬಹುದಾದ ಮಿತಿ 100 ವ್ಯಾಟ್–ಅವರ್. ಪವರ್ ಬ್ಯಾಂಕ್ ಮೇಲೆ ಬರೆದಿರುವ ಎಂಎಎಚ್ (mAh) ಸಂಖ್ಯೆಯನ್ನು 3.7ರಿಂದ ಗುಣಿಸಿ 1000ದಿಂದ ಭಾಗಿಸಿ: 20,000 ಎಂಎಎಚ್ ಎಂದರೆ 74 ವ್ಯಾಟ್–ಅವರ್. ಒಲೆಯ ಗ್ಯಾಸ್ ಡಬ್ಬಿಯನ್ನು ಯಾವ ಚೀಲದಲ್ಲೂ ವಿಮಾನಕ್ಕೆ ಒಯ್ಯುವಂತಿಲ್ಲ, ಇಳಿದ ಊರಿನಲ್ಲೇ ಕೊಳ್ಳಬೇಕು. ಅಲ್ಲಿ ಸಿಗುವ ಡಬ್ಬಿಯ ಮೂತಿ ನಿಮ್ಮ ಒಲೆಗೆ ಹೊಂದುತ್ತದೆಯೇ ಎಂದು ಹೊರಡುವ ಮುಂಚೆ ತಿಳಿದುಕೊಳ್ಳಿ.

ತುಂಬುವ ಕ್ರಮ. ಅಡಿಯಲ್ಲಿ ಸ್ಲೀಪಿಂಗ್ ಬ್ಯಾಗ್, ಬೆನ್ನಿಗೆ ಅಂಟಿದಂತೆ ನಡುವೆ ಭಾರದ ವಸ್ತು, ಹೊರಗಡೆಗೆ ಹಗುರವಾದದ್ದು, ಮೇಲ್ಗಡೆ ಮಳೆ ಜಾಕೆಟ್, ಔಷಧ, ಹೆಡ್‌ಲ್ಯಾಂಪ್. ಮಳೆಗೆ ಚೀಲದ ಹೊರ ಹೊದಿಕೆಯನ್ನು ನಂಬಬೇಡಿ, ಒಳಗೊಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಅದರೊಳಗೆ ಸಾಮಾನು ಇಡಿ.

## ಹಂತ 7: ನಕ್ಷೆ ಮತ್ತು ಸಂಪರ್ಕ

ಮೊಬೈಲ್ ಸಿಗ್ನಲ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ, ನಕ್ಷೆ ಮೊದಲೇ ಇಳಿಸಿಕೊಂಡಿರಬೇಕು ಅಷ್ಟೆ. ಏರಿಳಿತ ತೋರಿಸುವ ಕಾಂಟೂರ್ ಗೆರೆ ಇರುವ ನಕ್ಷೆಯನ್ನೇ ಇಳಿಸಿ. ಇಳಿಸಿದ ಮೇಲೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಇಡೀ ದಾರಿಯನ್ನು ದೊಡ್ಡದು ಮಾಡಿ ನೋಡಿ. ಅರ್ಧ ಮಾತ್ರ ಇಳಿದಿರುವುದು ಆಗ ಗೊತ್ತಾಗುತ್ತದೆ. ಕಠಿಣ ಭಾಗಗಳಿಗೆ ಕಾಗದದ ನಕ್ಷೆ, ದಿಕ್ಸೂಚಿ ಜೊತೆಗಿರಲಿ.

ಸಿಗ್ನಲ್ ಇಲ್ಲದ ಕಡೆಗೆ ಎರಡು ಬಗೆಯ ಸಾಧನಗಳಿವೆ. 406 ಮೆಗಾಹರ್ಟ್ಸ್‌ನ ತುರ್ತು ಬೀಕನ್‌ಗೆ ತಿಂಗಳ ಚಂದಾ ಇಲ್ಲ, ಆದರೆ ನೋಂದಾಯಿಸಬೇಕು. ಅದು ಸಹಾಯದ ಕರೆ ಬಿಟ್ಟು ಬೇರೇನನ್ನೂ ಕಳಿಸುವುದಿಲ್ಲ. ಉಪಗ್ರಹ ಮೆಸೆಂಜರ್‌ಗೆ ಚಂದಾ ಬೇಕು, ಸಂದೇಶ ಎರಡೂ ಕಡೆಗೆ ಹೋಗುತ್ತದೆ. ಕೊಳ್ಳುವ ಮೊದಲು ಹೋಗುವ ದೇಶಗಳ ಕಾನೂನು ನೋಡಿ. ಭಾರತವೂ ಸೇರಿ ಕೆಲವು ದೇಶಗಳಲ್ಲಿ ಅನುಮತಿಯಿಲ್ಲದ ಉಪಗ್ರಹ ಸಾಧನ ಸಿಕ್ಕರೆ ಬಂಧಿಸುತ್ತಾರೆ.

ಮನೆಯಲ್ಲಿ ಒಬ್ಬರ ಬಳಿ ನಿಮ್ಮ ದಿನದಿನದ ಯೋಜನೆ, ಪಾಸ್‌ಪೋರ್ಟ್ ಮತ್ತು ವಿಮೆಯ ಪ್ರತಿ ಇರಲಿ. ಅವರ ಜೊತೆ ಒಂದು ಗಡುವು ಮಾತಾಡಿಕೊಳ್ಳಿ: ಇಂಥ ದಿನ ಇಂಥ ಊರು ತಲುಪಿ ಸುದ್ದಿ ಕೊಡುತ್ತೇನೆ, ಅದಾಗಿ 24 ತಾಸು ಸುದ್ದಿ ಬರದಿದ್ದರೆ ಈ ಸಂಖ್ಯೆಗೆ ಫೋನ್ ಮಾಡಿ. 'ಆಗಾಗ ಮೆಸೇಜ್ ಮಾಡ್ತೀನಿ' ಎಂದಷ್ಟೇ ಹೇಳಿ ಹೋದರೆ ಮನೆಯವರಿಗೆ ಯಾವಾಗ ಗಾಬರಿಯಾಗಬೇಕು ಎಂದೇ ತಿಳಿಯುವುದಿಲ್ಲ.

## ಹಂತ 8: ಪರೀಕ್ಷಾ ನಡಿಗೆ

ಹೊರಡುವ ನಾಲ್ಕು ವಾರ ಮೊದಲು, ಪೂರ್ತಿ ಸಾಮಾನು ಹೊತ್ತು ಎರಡು ರಾತ್ರಿಯ ನಡಿಗೆ ಮಾಡಿ. ಮುನ್ಸೂಚನೆಯಲ್ಲಿ ಮಳೆ ಇದ್ದರೆ ಇನ್ನೂ ಒಳ್ಳೆಯದು. ಡೇರೆಯನ್ನು ಕತ್ತಲಲ್ಲಿ ಒಮ್ಮೆ ಕಟ್ಟಿ, ಒಲೆ ಹಚ್ಚಿ, ಫಿಲ್ಟರಿನ ನೀರು ಕುಡಿಯಿರಿ, ಪವರ್ ಬ್ಯಾಂಕ್ ಎಷ್ಟು ಸಲ ಫೋನ್ ತುಂಬಿಸಿತು ಎಂದು ಬರೆದುಕೊಳ್ಳಿ. ಮನೆಗೆ ಬಂದು ಸಾಮಾನನ್ನು ಮೂರು ಗುಂಪು ಮಾಡಿ: ದಿನವೂ ಬಳಸಿದ್ದು, ಒಮ್ಮೆ ಬಳಸಿದ್ದು, ಮುಟ್ಟದೇ ಇದ್ದದ್ದು. ಮುಟ್ಟದೇ ಇದ್ದದ್ದರಲ್ಲಿ ಔಷಧ, ಮಳೆಯ ಉಡುಪು, ತುರ್ತು ಸಾಧನ ಬಿಟ್ಟು ಉಳಿದದ್ದೆಲ್ಲ ಮನೆಯಲ್ಲೇ ಇರಲಿ. ಈ ಹಂತವನ್ನು ಬಿಟ್ಟವರು ಇದೇ ಪಾಠವನ್ನು ಪರದೇಶದಲ್ಲಿ ಅಂಚೆಗೆ ಹಣ ಕೊಟ್ಟು ಕಲಿಯುತ್ತಾರೆ. ನಾಲ್ಕು ವಾರ ಎಂದದ್ದು ಯಾಕೆಂದರೆ ಬೂಟು ಕಚ್ಚಿದರೆ ಬೇರೆ ಕೊಂಡು ಪಳಗಿಸಲು ಅಷ್ಟು ದಿನ ಬೇಕು.

## ಹಂತ 9: ದಾರಿಯಲ್ಲಿ ಕಾಣುವ ಎಚ್ಚರಿಕೆಯ ಗುರುತುಗಳು

ಮೊದಲ ವಾರ ಯೋಜನೆಯ ಅರ್ಧ ದೂರ ಮಾತ್ರ ನಡೆಯಿರಿ. ಪಾದದಲ್ಲಿ ಎಲ್ಲಾದರೂ ಬಿಸಿ ಅನ್ನಿಸಿದ ಕ್ಷಣ ನಿಂತು ಟೇಪು ಅಂಟಿಸಿ. ಮುಂದಿನ ತಿರುವಿನಲ್ಲಿ ನೋಡೋಣ ಎಂದವರಿಗೆ ಬೊಬ್ಬೆ ಎದ್ದು ಮೂರು ದಿನ ಹೋಗುತ್ತದೆ.

ಎತ್ತರದಲ್ಲಿ ತಲೆನೋವಿನ ಜೊತೆ ವಾಕರಿಕೆ, ಸುಸ್ತು ಇದ್ದರೆ ಅದು ಎತ್ತರದ ಕಾಯಿಲೆ ಎಂದೇ ತಿಳಿದು ಅಲ್ಲೇ ನಿಲ್ಲಿ, ವಾಸಿಯಾಗುವ ತನಕ ಮೇಲೆ ಹೋಗಬೇಡಿ. ನೇರ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯಲಾಗದಿದ್ದರೆ, ಮಾತು ಗೊಂದಲವಾಗಿದ್ದರೆ ಮಿದುಳು ಊದುತ್ತಿದೆ. ಕೂತಲ್ಲೇ ಏದುಸಿರು, ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ. ಎರಡಕ್ಕೂ ಬೆಳಗಾಗುವ ತನಕ ಕಾಯಬಾರದು, ರಾತ್ರಿಯಾದರೂ ಸರಿ, ಜೊತೆಗೊಬ್ಬರನ್ನು ಕರೆದುಕೊಂಡು ಕೂಡಲೇ ಇಳಿಸಬೇಕು.

ಒದ್ದೆಯಾಗಿ ಚಳಿಗೆ ಸಿಕ್ಕವರು ಎಡವುವುದು, ಮಾತು ತೊದಲುವುದು, ಕೈಯಿಂದ ವಸ್ತು ಜಾರಿಸುವುದು ಮೊದಲ ಗುರುತು. ನಡುಗುತ್ತಿದ್ದವರು ಬೆಚ್ಚಗಾಗದೆಯೇ ನಡುಕ ನಿಲ್ಲಿಸಿದರೆ ಸ್ಥಿತಿ ಕೈಮೀರುತ್ತಿದೆ. ಒದ್ದೆ ಬಟ್ಟೆ ತೆಗೆದು, ಒಣ ಬಟ್ಟೆ ಹಾಕಿ, ನೆಲದ ಚಳಿ ತಾಗದಂತೆ ಮಲಗಿಸಿ. ಎಚ್ಚರವಿದ್ದು ನುಂಗಬಲ್ಲವರಿಗಷ್ಟೇ ಬಿಸಿ ಸಿಹಿ ಪಾನೀಯ ಕೊಡಿ.

ಭೇದಿಗೆ ಓಆರ್‌ಎಸ್ ಪುಡಿ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಜ್ವರ ಅಥವಾ ರಕ್ತ ಕಂಡರೆ ಗೂಟದ ಊರಿಗೆ ಹೊರಡಿ.

ತೊರೆ ದಾಟುವ ಮೊದಲು ಸೊಂಟದ ಮತ್ತು ಎದೆಯ ಪಟ್ಟಿ ಬಿಚ್ಚಿ, ಬಿದ್ದರೆ ಚೀಲ ಕಳಚಿಕೊಳ್ಳಬೇಕು. ಹಿಮ ಕರಗಿ ಬರುವ ತೊರೆಗಳಲ್ಲಿ ನೀರು ಕಡಿಮೆ ಇರುವುದು ಮುಂಜಾನೆ, ಮಧ್ಯಾಹ್ನದ ಮೇಲೆ ಏರುತ್ತದೆ. ವೇಗವಾಗಿ ಹರಿಯುವ ನೀರು ಮೊಣಕಾಲಿಗಿಂತ ಮೇಲೆ ಬಂದರೆ ಬೇರೆ ಜಾಗ ಹುಡುಕಿ, ಸಿಗದಿದ್ದರೆ ಮರುದಿನ ಬೆಳಿಗ್ಗೆಗೆ ಕಾಯಿರಿ. ಖಾಲಿ ಬಿಟ್ಟ ದಿನಗಳು ಇರುವುದೇ ಇದಕ್ಕೆ.

ದಾರಿ ತಪ್ಪಿದೆ ಅನ್ನಿಸಿದರೆ ಮುಂದೆ ಹೋಗಿ ಸರಿಪಡಿಸಲು ನೋಡಬೇಡಿ, ಕೊನೆಯದಾಗಿ ಖಚಿತವಾಗಿ ಗುರುತು ಸಿಕ್ಕಿದ್ದ ಜಾಗಕ್ಕೆ ವಾಪಸ್ ನಡೆಯಿರಿ. ಅದೂ ಆಗದಿದ್ದರೆ ಕತ್ತಲಾಗುವ ಮೊದಲೇ ಗಾಳಿ ಬೀಸದ ಜಾಗ ನೋಡಿ ಕೂತುಬಿಡಿ, ಒಣ ಬಟ್ಟೆ ಹಾಕಿಕೊಳ್ಳಿ, ಸೀಟಿ ಊದಿ: ನಿಮಿಷಕ್ಕೆ ಆರು ಸಲ, ಒಂದು ನಿಮಿಷ ಬಿಡುವು, ಮತ್ತೆ ಆರು. ಕೇಳಿಸಿಕೊಂಡವರು ನಿಮಿಷಕ್ಕೆ ಮೂರರಂತೆ ಉತ್ತರಿಸುತ್ತಾರೆ. ಉತ್ತರ ಬಂದ ಮೇಲೂ ಜಾಗ ಬಿಟ್ಟು ಕದಲಬೇಡಿ, ಅವರು ಕಣ್ಣಿಗೆ ಕಾಣುವ ತನಕ ಊದುತ್ತಲೇ ಇರಿ.